ಟರ್ಕಿ ಇಳಿಸಿದ ಕೂಡಲೇ ಎಣ್ಣೆ ಉಕ್ಕುವುದಕ್ಕೆ

ಹೋದ ಥ್ಯಾಂಕ್ಸ್‌ಗಿವಿಂಗ್‌ಗೆ ಇಡೀ ಟರ್ಕಿ ಕೋಳಿ ಕರಿಯಲು ಕಾದ ಎಣ್ಣೆಗೆ ಇಳಿಸಿದ ಕೂಡಲೇ ಎಣ್ಣೆ ಉಕ್ಕಿ ಚೆಲ್ಲಿತು ಅಂದಿದ್ದೀರಿ. ಬಹುಶಃ ಒಳಗೆ ಐಸ್ ಉಳಿದಿತ್ತು. 14 ಪೌಂಡಿನ ಹಕ್ಕಿಯ ಐಸ್ ಕರಗಲು ಫ್ರಿಜ್‌ನಲ್ಲಿ 2 ದಿನ ಸಾಲದು. 4-5 ಪೌಂಡಿಗೆ ಒಂದು ದಿನ ಬೇಕು. ನಾನು 4 ದಿನ ಇಡುತ್ತೇನೆ. ಎಣ್ಣೆಯೂ ಜಾಸ್ತಿ ಇತ್ತೇನೋ, ಪಾತ್ರೆ ನೋಡದೆ ಹೇಳಲಾರೆ.

ಈ ಸಲ ಮೊದಲು ಅಳತೆ ನೋಡಿಕೊಳ್ಳಿ. ಕವರ್ ಬಿಚ್ಚದ ಟರ್ಕಿಯನ್ನು ಪಾತ್ರೆಯಲ್ಲಿಟ್ಟು ಮುಳುಗುವಷ್ಟು ನೀರು ಹಾಕಿ. ಹಕ್ಕಿ ತೆಗೆದ ಮೇಲೆ ನೀರು ಎಲ್ಲಿ ನಿಂತಿದೆಯೋ ಅಲ್ಲಿಗೆ ಗುರುತು ಮಾಡಿ. ಅಷ್ಟೇ ಎಣ್ಣೆ ಸಾಕು. ಪಾತ್ರೆ ಪೂರ್ತಿ ಒಣಗಲಿ.

ಆಮೇಲೆ ಹೊಟ್ಟೆಯೊಳಗೆ ಕೈ ಹಾಕಿ. ಬೆನ್ನುಮೂಳೆಯ ಹತ್ತಿರ ಬೆರಳಿಗೆ ಕಲ್ಲಿನ ಹಾಗೆ ಗಟ್ಟಿಯಾಗಿ, ತಣ್ಣಗೆ ತಾಗಿದರೆ ಅವತ್ತು ಕರಿಯಲೇಬೇಡಿ. ಗುಂಡಿಗೆ, ಈಲಿಯ ಪೊಟ್ಟಣವೂ ಒಳಗೇ ಇರುತ್ತೆ, ತೆಗೆಯಿರಿ. ಒಳಗೂ ಹೊರಗೂ, ರೆಕ್ಕೆಯ ಸಂದಿಯಲ್ಲೂ ಪೇಪರ್ ಟವೆಲ್ ಒತ್ತಿ ಒರೆಸಿ.

ಕಡಲೆಕಾಯಿ ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದ ಮೇಲೆ ಬರ್ನರ್ ಆರಿಸಿ, ನಿಧಾನವಾಗಿ ಇಳಿಸಿ, ಮತ್ತೆ ಹಚ್ಚಿ. ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕ. ಎದೆ, ತೊಡೆ ಎರಡೂ ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲೇಬೇಕು.

ಗರಾಜ್‌ನಲ್ಲಿ ಮಾತ್ರ ಬೇಡವೇ ಬೇಡ. ಮನೆಯಿಂದ 10 ಅಡಿಗಿಂತ ಆಚೆ, ಸಮತಟ್ಟಾದ ನೆಲದ ಮೇಲೆ ಮಾಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ದೂರ ಸರಿದು 911ಕ್ಕೆ ಫೋನ್ ಮಾಡಿ.