ಅಲಿಬಿ ಬಿದ್ದುಹೋದ ಮಾತ್ರಕ್ಕೆ

ನಮಸ್ಕಾರ,

ನಿಮ್ಮ ಕಥೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವಂಥ ಕಥೆಯೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳಿರುವುದು ಇಷ್ಟು. ರಾತ್ರಿ ಒಡವೆ ಅಂಗಡಿಗೆ ನುಗ್ಗಿದವನೊಬ್ಬ ಮಾಲೀಕನನ್ನು ಇರಿದು ಚಿನ್ನ ದೋಚುತ್ತಾನೆ. ಎದುರು ಮನೆಯಾಕೆ ಮಹಡಿಯಿಂದ ನೋಡುತ್ತಾಳೆ. ಪೊಲೀಸರು ಹಿಡಿದ ಹುಡುಗ, ಆ ಹೊತ್ತಿಗೆ ಅಕ್ಕನ ಮನೆಯಲ್ಲಿದ್ದೆ ಅನ್ನುತ್ತಾನೆ. ಅಪರಾಧ ನಡೆದಾಗ ಬೇರೆ ಕಡೆ ಇದ್ದೆ ಅನ್ನುವ ಈ ವಾದವೇ ಅಲಿಬಿ. ಅಕ್ಕನೂ ಹಾಗೇ ಹೇಳುತ್ತಾಳೆ. ಪಾಟೀಸವಾಲಿನಲ್ಲಿ ಅದು ಸುಳ್ಳು ಅಂತ ಬಯಲಾಗುತ್ತದೆ. ಮುಂದಿನ ಪುಟದಲ್ಲೇ ಜೀವಾವಧಿ ಶಿಕ್ಷೆ.

ನನ್ನ ತಕರಾರು ಇರುವುದು ಆ ಎರಡು ಪುಟಗಳ ನಡುವೆ. ಅಕ್ಕ ಸುಳ್ಳು ಹೇಳಿದಳು, ಸರಿ. ಅಷ್ಟಕ್ಕೇ ಎದುರು ಮನೆಯಾಕೆಯ ಕಣ್ಣು ಚುರುಕಾಯಿತೇ? ಬೀದಿದೀಪದ ಬೆಳಕು ಜಾಸ್ತಿ ಆಯಿತೇ? ಹುಡುಗ ಅಕ್ಕನ ಮನೆಯಲ್ಲಿ ಇರಲಿಲ್ಲ ಅಂದರೆ ಬೇರೆ ಎಲ್ಲೋ ಇದ್ದ, ಅಷ್ಟೇ ಅಲ್ವಾ? ಆ ಜಾಗ ಅಂಗಡಿಯೇ ಅಂತ ತೋರಿಸಬೇಕಾದವರು ಸರ್ಕಾರಿ ವಕೀಲರು. ನಿಮ್ಮ ಕಥೆಯಲ್ಲಿ ಅವರು ಆ ಕೆಲಸ ಮಾಡುವುದೇ ಇಲ್ಲ, ನ್ಯಾಯಾಧೀಶರೂ ಕೇಳುವುದಿಲ್ಲ.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1976ರಲ್ಲಿ ಟರ್ನ್‌ಬುಲ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಏನೂ ಮಾಡದವನೂ ಸುಳ್ಳು ಅಲಿಬಿ ಕಟ್ಟಬಹುದು. ತನ್ನ ನಿಜವಾದ ಮಾತೊಂದನ್ನೇ ಯಾರೂ ನಂಬುವುದಿಲ್ಲ ಅನ್ನುವ ಭಯ ಅವನದು. ಹಾಗಾಗಿ ಸಾಕ್ಷಿಯ ನೋಟವನ್ನು ಬೇರೆಯಾಗಿಯೇ ತೂಗಿ ನೋಡಬೇಕು. ಎಷ್ಟು ಹೊತ್ತು ನೋಡಿದಳು, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ಅಡ್ಡ ಏನಾದರೂ ಇತ್ತೇ, ಮೊದಲೇ ಕಂಡ ಮುಖವೇ, ಪೊಲೀಸರಿಗೆ ಮೊದಲು ಕೊಟ್ಟ ಚಹರೆಗೂ ಆರೋಪಿಗೂ ಹೋಲಿಕೆ ಇದೆಯೇ. ಇದರಲ್ಲಿ ಒಂದು ಪ್ರಶ್ನೆಯೂ ನಿಮ್ಮ ಕೋರ್ಟಿನಲ್ಲಿ ಬರುವುದಿಲ್ಲ.

ವಿಚಿತ್ರ ಅಂದರೆ, ಉತ್ತರಗಳು ನಿಮ್ಮ ಕಥೆಯಲ್ಲೇ ಇವೆ. ಆಕೆ ಚಾಕುವನ್ನು ಎಷ್ಟು ಚೆನ್ನಾಗಿ ವರ್ಣಿಸುತ್ತಾಳೆ ನೋಡಿ: ಹಿಡಿಗೆ ಸುತ್ತಿದ ಕೆಂಪು ಟೇಪು, ಅದರ ತುದಿ ಬಿಚ್ಚಿ ಜೋತಾಡುತ್ತಿದ್ದದ್ದು. ಮುಖದ ಬಗ್ಗೆ ಮಾತ್ರ ‘ತೆಳ್ಳಗಿನ ಮುಖ’ ಅಂತ ಎರಡೇ ಪದ. ಆಯುಧ ಎದುರಿಗಿದ್ದರೆ ನೋಟ ಅದಕ್ಕೇ ಅಂಟಿಕೊಳ್ಳುತ್ತದೆ, ಮುಖ ಮನಸ್ಸಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಆಮೇಲೆ ಇನ್‌ಸ್ಪೆಕ್ಟರ್ ಗುರುತು ಪತ್ತೆ ಪರೇಡಿಗೆ, ಅಂದರೆ ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವುದಕ್ಕೆ, ಮುಂಚೆಯೇ ಹುಡುಗನ ಫೋಟೋ ತೋರಿಸುತ್ತಾನೆ. ಆಗ ‘ಇವನೇ ಇರಬೇಕು’ ಅಂದಾಕೆ ಕೋರ್ಟಿನಲ್ಲಿ ‘ಇವನೇ’ ಅನ್ನುತ್ತಾಳೆ. ಆ ‘ಇರಬೇಕು’ ಎಲ್ಲಿ ಹೋಯಿತು? ಆಕೆ ನೆನಪು ಮಾಡಿಕೊಳ್ಳುತ್ತಿರುವುದು ಆ ರಾತ್ರಿಯ ಮುಖವನ್ನೋ, ಫೋಟೋದ ಮುಖವನ್ನೋ? ನಿಮ್ಮ ಕಥೆಯ ಜೀವ ಇಲ್ಲೇ ಇದೆ. ನೀವು ಇದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಆಕೆ ಪ್ರಾಮಾಣಿಕಳು ಅಂತ ಪದೇಪದೇ ಹೇಳುತ್ತೀರಿ. ಒಪ್ಪಿದೆ. ಆದರೆ ತಪ್ಪನ್ನೇ ನಿಜ ಅಂತ ಮನಸಾರೆ ನಂಬಿದ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಅಲುಗಾಡಿಸುವುದು ತುಂಬಾ ಕಷ್ಟ. 1896ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬಾತನನ್ನು, ತಮಗೆ ಮೋಸ ಮಾಡಿದವನು ಇವನೇ ಅಂತ ಹಲವು ಹೆಂಗಸರು ಗುರುತಿಸಿದರು. 1877ರಲ್ಲಿ ಅದೇ ರೀತಿ ಮೋಸ ಮಾಡಿದವನೇ ಇವನು ಅನ್ನುವ ಅನುಮಾನವೂ ಇತ್ತು. ಆಗ ಬೆಕ್ ದಕ್ಷಿಣ ಅಮೆರಿಕದಲ್ಲಿದ್ದ. ಅದನ್ನು ಹೇಳಲು ನ್ಯಾಯಾಧೀಶರು ಅವಕಾಶ ಕೊಡಲಿಲ್ಲ. ಅವನು ಜೈಲಿಗೆ ಹೋದ. 1904ರಲ್ಲಿ ಮತ್ತೆ ಅದೇ ಥರದ ಆರೋಪ, ಮತ್ತೆ ಹೆಂಗಸರ ಸಾಕ್ಷಿ, ಮತ್ತೆ ಅಪರಾಧಿ ಅಂತ ತೀರ್ಮಾನ. ಅಷ್ಟರಲ್ಲಿ ನಿಜವಾದ ಮೋಸಗಾರ ಸಿಕ್ಕಿಬಿದ್ದ. ಆ ಹೆಂಗಸರೆಲ್ಲ ಸುಳ್ಳುಗಾರರೇನೂ ಅಲ್ಲ.

ಇನ್ನೊಂದು ಮಾತು. ದೋಚಿದ ಚಿನ್ನದಲ್ಲಿ ಒಂದು ಉಂಗುರವೂ ಹುಡುಗನ ಹತ್ತಿರ ಸಿಗಲಿಲ್ಲ ಅಂತ ನೀವೇ ಬರೆದು ನೀವೇ ಮರೆತಿದ್ದೀರಿ. ಅವನ ಪರ ವಕೀಲರು ಅದನ್ನು ಹಿಡಿದು ನಿಲ್ಲಬೇಕಿತ್ತು.

ಶಿಕ್ಷೆ ಕೊಡುತ್ತೀರೋ ಬಿಡುಗಡೆ ಮಾಡುತ್ತೀರೋ, ಅದು ನಿಮಗೆ ಬಿಟ್ಟದ್ದು. ಹುಡುಗ ಆ ರಾತ್ರಿ ಎಲ್ಲಿದ್ದ, ಯಾಕೆ ಸುಳ್ಳು ಹೇಳಿದ ಅನ್ನುವುದು ಮಾತ್ರ ಬರೆಯುವ ನಿಮಗೆ ಗೊತ್ತಿರಬೇಕು. ಓದುಗರಿಗೆ ಹೇಳದಿದ್ದರೂ ಪರವಾಗಿಲ್ಲ. ಅಕ್ಕ ಕಟಕಟೆಯಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಲ್ಲುವ ಭಾಗವನ್ನು ಮುಟ್ಟಬೇಡಿ, ಅದು ಬಹಳ ಚೆನ್ನಾಗಿ ಬಂದಿದೆ. ಉಳಿದದ್ದನ್ನು ತಿದ್ದಿ ಕಳಿಸಿ. ನಾನೇ ಓದುತ್ತೇನೆ.