ಪೆರ್ಲದ ಮನೆಗೆ ಪುತ್ತೂರಿನ ಬೊಲೆರೊ

ಮನೆ ಕಾಸರಗೋಡು ಜಿಲ್ಲೆಯಲ್ಲಿ, ಗಾಡಿ ಮಾತ್ರ ಕರ್ನಾಟಕದಿಂದ ಯಾಕೆ ತಂದಿರಿ ಎಂದು ಕೇಳಿದ್ದೀರಿ. ನಮ್ಮ ಮನೆ ಪೆರ್ಲದ ಹತ್ತಿರ. ಸ್ವರ್ಗ ಎಂಬ ಊರು ದಾಟಿದರೆ ಪಾಣಾಜೆ, ಮುಂದೆ ಪುತ್ತೂರು. ಅಡ್ಕಸ್ಥಳ ದಾಟಿದರೆ ವಿಟ್ಲದ ದಾರಿ. ಅಡಿಕೆ ಮಾರುವುದು, ನೆಂಟರ ಮದುವೆ, ಅಮ್ಮನ ಆಸ್ಪತ್ರೆ ಎಲ್ಲ ಆಚೆ ಕಡೆಯೇ. ಹಾಗಾಗಿ ಗಾಡಿ ಹುಡುಕಿದ್ದೂ ಅಲ್ಲಿಯೇ ಮಾರಾಯ್ರೆ.

ತಗೊಂಡದ್ದು ಏಳು ಸೀಟಿನ ಹಳೆ ಬೊಲೆರೊ. ಹಿಂದೆ ಎದುರುಬದುರು ಸೀಟು ಇದೆಯಲ್ಲ, ಮಕ್ಕಳು ಜಗಳಾಡುವುದು ಅದಕ್ಕೇ. ಮಡಚಿದರೆ ಅಡಿಕೆ ಗೋಣಿ ಹಿಡಿಯುತ್ತದೆ.

ನಮ್ಮ ಕಡೆಯ ಗಾಡಿ ನೋಡುವಾಗ ಕಿಲೋಮೀಟರ್ ಆಮೇಲೆ ನೋಡಿ. ಮೊದಲು ಕಾಲಡಿಯ ಮ್ಯಾಟ್ ಎತ್ತಿ. ಕಡಲ ಬದಿ ಓಡಿದ ಒಂದು ಗಾಡಿ ನೋಡಿದ್ದೆವು. ಹೊಸ ಪೇಂಟ್, ಫಳಫಳ ಹೊಳೆಯುತ್ತಿತ್ತು. ಜೊತೆಗೆ ಬಂದ ಮೆಕ್ಯಾನಿಕ್ ಬಾಗಿಲಿನ ಅಡಿಗೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲನೆ ಒತ್ತಿದರು. ತುದಿ ಒಳಗೆ ಹೋಯಿತು, ತುಕ್ಕು ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಅವರು ಏನೂ ಹೇಳಲಿಲ್ಲ, ನಾವು ವಾಪಸ್ ಹೊರಟೆವು.

ಆದರೆ ಗಡಿಯವರಿಗೆ ತುಕ್ಕಿಗಿಂತ ದೊಡ್ಡ ಚಿಂತೆ ಕಾಗದದ್ದು. ಸ್ವಂತ ಗಾಡಿಯಲ್ಲಿ ಗಡಿ ದಾಟಲು ಪರ್ಮಿಟ್ ಬೇಡ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವುದಾದರೆ ನಿಮ್ಮ ರಾಜ್ಯದ ನಂಬರ್ ಮಾಡಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಹಾಗಿದೆ. ಅದಕ್ಕೆ ಮೊದಲು ಹಳೆಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಅಂದರೆ ಗಾಡಿ ಬೇರೆ ಕಡೆಗೆ ಒಯ್ಯಲು ಅಡ್ಡಿಯಿಲ್ಲ ಎಂಬ ಪತ್ರ, ಫಾರ್ಮ್ 28. ಅದರ ಮೇಲೆ ಗಾಡಿಯ ಚೌಕಟ್ಟಿನಲ್ಲಿ ಕೊರೆದ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ನಂಬರಿನ ಮೇಲೆ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜುವುದು. ಮೂರು ಸಲ ಉಜ್ಜಿದ ಮೇಲೆ ಅಕ್ಷರ ಸರಿಯಾಗಿ ಮೂಡಿತು. ಆಮೇಲೆ ಇಲ್ಲಿ ಮತ್ತೆ ತೆರಿಗೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಕೇಳಬಹುದು, ಮರೆಯಬೇಡಿ.

ನನಗೆ ಪೆಟ್ಟು ಬಿದ್ದದ್ದು ಸಾಲದ ವಿಷಯದಲ್ಲಿ. ಸಾಲ ತೀರಿದೆ ಎಂದು ಬ್ರೋಕರ್ ಹೇಳಿದ, ನಂಬಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು ಫಾರ್ಮ್ 35ಕ್ಕೆ ಬ್ಯಾಂಕಿನ ಸಹಿ ಬೇಕು. ಹಳೆಯ ಮಾಲೀಕರ ಮನೆಗೆ ಎಷ್ಟು ಸಲ ಹೋದೆನೋ! ಆ ಅಕ್ಕ ಒಳ್ಳೆಯವರು, ಪ್ರತಿ ಸಲ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಆದರೂ ನಾಲ್ಕು ತಿಂಗಳು ಸುಮ್ನೆ ಹೋಯಿತು. ನೀವು ಆರ್‌ಸಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಈಗ ಪುತ್ತೂರಿನ ಕೆಎ-21 ಹೋಗಿ ಕಾಸರಗೋಡಿನ ಕೆಎಲ್-14 ಆಗಿದೆ. ಪುತ್ತೂರಿಗೆ ಹೋದರೆ ಕೇರಳದವರಾ ಎಂದು ಕೇಳುತ್ತಾರೆ. ಬಾಯಿ ತೆರೆದ ಮೇಲೆ ಗೊತ್ತಾಗುತ್ತದೆ, ಕನ್ನಡದವರೇ ಎಂದು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ನಮ್ಮ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರಲ್ಲ, ಆಗ ಆಚೆಯ ಆಸ್ಪತ್ರೆಗೆ ಹೋಗಲಾಗದೆ ಜನ ಪಟ್ಟ ಪಾಡು ಇನ್ನೂ ಮರೆತಿಲ್ಲ. ಈಗಲೂ ಅಮ್ಮ ಹೊರಡುವ ಮೊದಲು ಕೇಳುವುದು ಒಂದೇ, ರಸ್ತೆ ತೆರೆದಿದೆಯಾ ಅಂತ.

ಡೀಸೆಲ್ ಮಾತ್ರ ಆಚೆ ಕಡೆಯೇ ಹಾಕಿಸುತ್ತೇವೆ. ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಪುತ್ತೂರಿನಿಂದ ವಾಪಸ್ ಬರುವಾಗ ಟ್ಯಾಂಕ್ ತುಂಬಿಸಿಕೊಂಡೇ ಬರುವುದು.