ರೆವಿಟ್ 2022 ಬಿಟ್ಟು ಹೊಸದಕ್ಕೆ ಹೋಗ್ಬೇಕಾ?

ಇಬ್ಬರೇ ಇರೋ ಆಫೀಸು, ಕಟ್ಟಡ ಡಿಸೈನ್ ಮಾಡೋ ಆಟೋಡೆಸ್ಕ್ ಕಂಪನಿ ಸಾಫ್ಟ್‌ವೇರ್ ರೆವಿಟ್‌ನ 2022 ವರ್ಷನ್ನೇ ಚೆನ್ನಾಗಿ ಓಡ್ತಿದೆ, ಹೊಸದು ಯಾಕೆ ಅಂತ ಕೇಳಿದೀರಲ್ಲ, ಮಡಿಕೇರಿ ಕಡೆ ಇಳಿಜಾರು ಸೈಟ್ ಜಾಸ್ತಿ ಬರುತ್ತೆ ಅಂತ ನೀವೇ ಬರ್ದಿದೀರ, ಹಾಗಾದ್ರೆ ಕಣ್ಮುಚ್ಚಿ ಹೋಗಿ. 2024 ವರ್ಷನ್ನಲ್ಲಿ ಸೈಟಿನ ನೆಲ ಮಾಡೆಲ್ ಮಾಡೋಕೆ ಟೋಪೋಸಾಲಿಡ್ ಅಂತ ಬಂತು, ಮುಂಚೆ ನೆಲ ಅಂದ್ರೆ ಹಾಲಿನ ಕೆನೆ ಥರ ಬರೀ ಒಂದು ಪದರ, ಈಗ ಸ್ಲ್ಯಾಬ್‌ಗೆ ಕೊಡೋ ಹಂಗೇ ದಪ್ಪ, ಲೇಯರ್ ಎಲ್ಲಾ ಕೊಡ್ಬಹುದು, 2025ರಲ್ಲಂತೂ ಫ್ಲೋರ್ ಇಟ್ಟು ಅದ್ರಿಂದ್ಲೇ ಮಣ್ಣು ಅಗೆದಂಗೆ ಕಟ್ ಮಾಡ್ಬಹುದು. ಹಳೇ ಒಂದು ಪದರದ ನೆಲಾನ ಟೋಪೋಸಾಲಿಡ್‌ಗೆ ಕನ್ವರ್ಟ್ ಮಾಡೋಕೂ ಆಗುತ್ತೆ.

ಒಂದೇ ತಲೆನೋವು, ಹೊಸ ವರ್ಷನ್ನಲ್ಲಿ ಸೇವ್ ಮಾಡಿದ ಫೈಲು ಹಳೇದ್ರಲ್ಲಿ ತೆರೆಯಲ್ಲ. ನಾನು ಕಾಪಿ ಇಟ್ಕೊಳ್ದೆ ಅಪ್‌ಗ್ರೇಡ್ ಒತ್ಬಿಟ್ಟೆ, ನಮ್ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಇರೋದು ಹಳೇದೇ ಅನ್ನೋದು ಆಮೇಲೆ ನೆನಪಾಯ್ತು, ಒಂದು ವಾರ ಶೀಟ್ ಶೀಟೂ ಡಿಡಬ್ಲ್ಯೂಜಿ (ಆಟೋಕ್ಯಾಡ್ ಡ್ರಾಯಿಂಗ್ ಫೈಲು) ಮಾಡಿ ಕಳಿಸ್ತಾ ಕೂತಿದ್ದೆ. ಮೊದ್ಲು ಅವರಿಗೊಂದು ಫೋನ್ ಹಾಕಿ.

ಫಾರ್ಮಾ ಬಗ್ಗೆನೂ ಕೇಳಿದ್ರಿ, ಅದು ಶುರುವಲ್ಲೇ ಸೈಟ್ ಪ್ಲಾನ್ ಮಾಡಿ ನೋಡೋ ಟೂಲ್, ಅದೇ ಹಳೇ ಸ್ಪೇಸ್‌ಮೇಕರ್, ಆಟೋಡೆಸ್ಕ್ 2020ರಲ್ಲಿ ತಗೊಂಡು 2023ರಲ್ಲಿ ಈ ಹೆಸರಲ್ಲಿ ಬಿಟ್ಟಿದ್ದು. ಬಿಸಿಲು, ಗಾಳಿ, ಶಬ್ದ ಎಲ್ಲಾ ಬ್ರೌಸರಲ್ಲೇ ತೋರಿಸುತ್ತೆ, ಲೇಔಟು ಅಪಾರ್ಟ್‌ಮೆಂಟಿಗೆ ಸರಿ, 30x40 ಮನೆಗೆ ಅದ್ಯಾಕೆ ಬಿಡಿ.